ಟಾಪ್ ಎಂಡ್ ಬೇಕಾ, ದೊಡ್ಡ ಬ್ಯಾಟರಿ ಬೇಕಾ?

ಪ್ರಶ್ನೆ: ನಮ್ಮದು ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿನ ಹಳ್ಳಿ. ಅಡಿಕೆ ತೋಟ ಇದೆ. ಹೆಂಡತಿ ಶಿರಸಿಯಲ್ಲಿ ಟೀಚರ್, ದಿನಾ ಪೇಟೆಗೆ ಹೋಗಿ ಬರಬೇಕು. ತಿಂಗಳಿಗೆ ಒಂದೆರಡು ಸಲ ಕುಮಟಾಕ್ಕೆ, ಅವಳ ತವರಿಗೆ ಹೋಗುತ್ತೇವೆ. ಅಪ್ಪಯ್ಯನ ಆಸ್ಪತ್ರೆ ಅಂತ ಆಗಾಗ ಹುಬ್ಬಳ್ಳಿ. ಎಲೆಕ್ಟ್ರಿಕ್ ಕಾರು ಅಂತ ತೀರ್ಮಾನ ಆಗಿದೆ. ಶೋರೂಮಿನವರು ಟಾಪ್ ಎಂಡ್ ತಗೊಳ್ಳಿ, ಮಾರುವಾಗ ಒಳ್ಳೆ ರೇಟ್ ಬರುತ್ತದೆ ಅಂತಾರೆ. ತಮ್ಮ ಬೇಸ್ ಮಾಡೆಲ್ ಸಾಕು ಅಂತಾನೆ. ಮಗಳಿಗೆ ಸನ್‌ರೂಫ್ ಬೇಕೇ ಬೇಕಂತೆ. ಎರಡರ ನಡುವೆ ಹತ್ತಿರ ಹತ್ತಿರ ಮೂರು ಲಕ್ಷದ ವ್ಯತ್ಯಾಸ. ಅಷ್ಟು ಕೊಡುವುದು ಸರಿಯಾ? ಇನ್ನೊಂದು, ಮನೆಯಲ್ಲೇ ಚಾರ್ಜ್ ಮಾಡಿದರೆ ಗೃಹಜ್ಯೋತಿ ತಪ್ಪಿಹೋಗುತ್ತದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಶೋರೂಮಿನವರ ಮಾತೂ ಬೇಡ, ತಮ್ಮನ ಮಾತೂ ಬೇಡ. ನಿಮ್ಮ ಓಡಾಟಕ್ಕೆ ದೊಡ್ಡ ಬ್ಯಾಟರಿ ಬೇಕು. ಆ ದೊಡ್ಡ ಬ್ಯಾಟರಿ ಯಾವ ವೇರಿಯಂಟಿನಿಂದ ಶುರುವಾಗುತ್ತದೋ ಅದನ್ನು ತಗೊಳ್ಳಿ. ಅಲ್ಲಿಂದ ಮೇಲಕ್ಕೆ ಹೋಗಬೇಡಿ. ಉಳಿದ ದುಡ್ಡಲ್ಲಿ ಸ್ವಲ್ಪವನ್ನು ಮನೆಯ ವೈರಿಂಗಿಗೆ ಎತ್ತಿಡಿ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಕಥೆ.

ಪೆಟ್ರೋಲ್ ಕಾರಿನಲ್ಲಿ ವೇರಿಯಂಟ್ ಅಂದರೆ ಹೆಚ್ಚುಕಮ್ಮಿ ಅಲಂಕಾರ. ಟ್ಯಾಂಕ್ ಒಂದೇ, ಎಂಜಿನ್ ಬಹುಪಾಲು ಒಂದೇ. ಬೇಸ್ ತಗೊಂಡವರೂ ಟಾಪ್ ತಗೊಂಡವರೂ ಒಂದು ಟ್ಯಾಂಕಿಗೆ ಅಷ್ಟೇ ದೂರ ಹೋಗುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಹಾಗಿಲ್ಲ. ಇಲ್ಲಿ ಎರಡು ಏಣಿಗಳು ಪಕ್ಕಪಕ್ಕ ನಿಂತಿವೆ. ಒಂದು ಬ್ಯಾಟರಿಯ ಏಣಿ. ಅದನ್ನು ಹತ್ತಿದರೆ ದೂರ ಹೆಚ್ಚುತ್ತದೆ, ಎಷ್ಟೋ ಕಾರುಗಳಲ್ಲಿ ಮೋಟರಿನ ಶಕ್ತಿಯೂ ಹೆಚ್ಚುತ್ತದೆ. ಇನ್ನೊಂದು ಸೌಕರ್ಯದ ಏಣಿ. ಅದನ್ನು ಹತ್ತಿದರೆ ಸ್ಕ್ರೀನ್ ದೊಡ್ಡದಾಗುತ್ತದೆ, ಸೀಟಿನ ಬಟ್ಟೆ ಹೋಗಿ ಚರ್ಮದಂತೆ ಕಾಣುವ ಲೆದರೆಟ್ ಬರುತ್ತದೆ, ಚಾವಣಿ ತೆರೆದುಕೊಳ್ಳುತ್ತದೆ. ಬೆಲೆಪಟ್ಟಿಯಲ್ಲಿ ಮಾತ್ರ ಎರಡನ್ನೂ ಬೆರೆಸಿ ಒಂದೇ ಸಾಲಾಗಿ ಅಚ್ಚು ಹಾಕಿರುತ್ತಾರೆ. ಹಾಗಾಗಿ ಮೇಲೆ ಹೋದಷ್ಟೂ ಕಾರು ಒಳ್ಳೆಯದು ಅನ್ನಿಸುತ್ತದೆ.

ಒಂದು ನಿಜವಾದ ಪಟ್ಟಿಯನ್ನೇ ತೋರಿಸುತ್ತೇನೆ. ಟಾಟಾ ಪಂಚ್ ಇವಿ 2024ರ ಜನವರಿಯಲ್ಲಿ ಬಂತು. ಆಗ ಎರಡು ಬ್ಯಾಟರಿ ಇದ್ದವು, 25 ಕಿಲೋವ್ಯಾಟ್ ಅವರ್ ಮತ್ತು 35 ಕಿಲೋವ್ಯಾಟ್ ಅವರ್. ಕಿಲೋವ್ಯಾಟ್ ಅವರ್ ಅಂತ ಗಾಬರಿ ಬೇಡ, ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ ಅದು. ಚಿಕ್ಕ ಬ್ಯಾಟರಿಯ ಕಾರಿನ ಎಕ್ಸ್-ಶೋರೂಮ್ ಬೆಲೆ 10.99 ಲಕ್ಷದಿಂದ ಶುರುವಾಗಿ ಅದರ ಟಾಪ್ ಎಂಡಿಗೆ 13.29 ಲಕ್ಷದವರೆಗೆ ಹೋಗುತ್ತಿತ್ತು. ದೊಡ್ಡ ಬ್ಯಾಟರಿಯ ಅತಿ ಕೆಳಗಿನ ವೇರಿಯಂಟ್ 12.99 ಲಕ್ಷ. ಗಮನಿಸಿದಿರಾ? ಚಿಕ್ಕ ಬ್ಯಾಟರಿಯ ಟಾಪ್ ಎಂಡಿಗಿಂತ ದೊಡ್ಡ ಬ್ಯಾಟರಿಯ ಕಾರು 30,000 ರೂಪಾಯಿ ಕಮ್ಮಿ! ಮೋಟರ್ ಕೂಡ ಬೇರೆ. ಚಿಕ್ಕದರಲ್ಲಿ 60 ಕಿಲೋವ್ಯಾಟ್, ದೊಡ್ಡದರಲ್ಲಿ 90. ನಾಲ್ಕು ಜನ ಕೂತು, ಹಿಂದೆ ಒಂದು ಚೀಲ ತೆಂಗಿನಕಾಯಿ ಹಾಕಿಕೊಂಡು ಕುಮಟಾ ದಾರಿಯ ದೇವಿಮನೆ ಘಟ್ಟ ಹತ್ತುವಾಗ, ಎದುರಿನ ಲಾರಿ ದಾಟಬೇಕಾದಾಗ, ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.

ಇವತ್ತು ನೀವು ನೋಡುವ ಕಾರು, ಬೆಲೆ, ಬ್ಯಾಟರಿ ಬೇರೆ ಇರಬಹುದು. ಆದರೆ ಪಟ್ಟಿಯನ್ನು ಓದುವ ರೀತಿ ಇದೇ. ಚಿಕ್ಕ ಬ್ಯಾಟರಿಯ ಟಾಪ್ ಎಂಡ್ ಮತ್ತು ದೊಡ್ಡ ಬ್ಯಾಟರಿಯ ಕೆಳಗಿನ ವೇರಿಯಂಟ್, ಇವೆರಡರ ಬೆಲೆ ಪಕ್ಕದಲ್ಲಿ ಬರೆದುಕೊಳ್ಳಿ. ಶೋರೂಮಿನಲ್ಲಿ ಈ ಎರಡನ್ನು ಪಕ್ಕದಲ್ಲಿಟ್ಟು ತೋರಿಸುವವರು ಕಮ್ಮಿ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಎಂಜಿ ವಿಂಡ್ಸರ್ 2024ರ ಸೆಪ್ಟೆಂಬರಿನಲ್ಲಿ ಬಂದಾಗ ಮೂರು ವೇರಿಯಂಟ್ ಇದ್ದವು. 13.50, 14.50, 15.50 ಲಕ್ಷ. ಮೂರರಲ್ಲೂ ಬ್ಯಾಟರಿ ಅದೇ 38 ಯೂನಿಟ್, ಮೋಟರೂ ಅದೇ. ಮೇಲಿನ ಎರಡು ಲಕ್ಷ ಪೂರ್ತಿ ಸೌಕರ್ಯಕ್ಕೆ. ದೊಡ್ಡ ಸ್ಕ್ರೀನ್, ಅಲಾಯ್ ವೀಲ್, ಟಾಪ್ ಎಂಡಿನಲ್ಲಿ ಗಾಜಿನ ಚಾವಣಿ ಇತ್ಯಾದಿ. ಇಂಥ ಪಟ್ಟಿ ಸಿಕ್ಕಿದರೆ ಕೆಲಸ ಸುಲಭ. ಕೆಳಗಿನದರಲ್ಲಿ ಏನಿಲ್ಲ ಅಂತ ನೋಡಿ, ಅದಿಲ್ಲದೆ ನಡೆಯುತ್ತದಾ ಅಂತ ಕೇಳಿಕೊಂಡರೆ ಆಯ್ತು.

ಈಗ ನಿಮ್ಮ ಊರಿನ ಲೆಕ್ಕಕ್ಕೆ ಬರೋಣ. ಕಂಪನಿಯವರು ಕೊಡುವ ರೇಂಜ್, ಅಂದರೆ ಒಂದು ಚಾರ್ಜಿಗೆ ಹೋಗುವ ದೂರ, ಪರೀಕ್ಷಾಲಯದ್ದು. 25 ಯೂನಿಟ್ಟಿನ ಪಂಚಿಗೆ 315, 35 ಯೂನಿಟ್ಟಿನದಕ್ಕೆ 421 ಕಿಲೋಮೀಟರ್ ಅಂತ ಬರೆದಿದ್ದರು. ನಮ್ಮ ಕಡೆ ರಸ್ತೆಗೆ, ಎಸಿ ಹಾಕಿಕೊಂಡು, ಮನೆಮಂದಿಯೆಲ್ಲ ಕೂತು ಹೋಗುವಾಗ ಯೂನಿಟಿಗೆ ಏಳು ಕಿಲೋಮೀಟರ್ ಹಿಡಿಯಿರಿ. ನಿಧಾನ ಓಡಿಸುವವರಿಗೆ ಎಂಟು ಬಂದರೂ ಬರಬಹುದು. ಲೆಕ್ಕ ಹಾಕುವಾಗ ಕಮ್ಮಿಯೇ ಇರಲಿ. ಅಂದರೆ ಚಿಕ್ಕದು 175, ದೊಡ್ಡದು 245.

ಮನೆಯಿಂದ ಶಿರಸಿ, ಮತ್ತೆ ಮನೆ, ನಡುವೆ ಒಂದೆರಡು ಸುತ್ತು ಅಂದರೂ 30 ಕಿಲೋಮೀಟರ್. ಇದಕ್ಕೆ ಯಾವ ಬ್ಯಾಟರಿಯೂ ಸಾಕು. ಬರೀ ಇಷ್ಟೇ ಓಡಾಟ ಆಗಿದ್ದರೆ ನಿಮ್ಮ ತಮ್ಮ ಹೇಳಿದ್ದೇ ಸರಿ, ಬೇಸ್ ತಗೊಳ್ಳಿ ಅನ್ನುತ್ತಿದ್ದೆ.

ಕುಮಟಾ ನೋಡಿ. ಶಿರಸಿಯಿಂದ 60 ಕಿಲೋಮೀಟರ್ ಆಸುಪಾಸು. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಜನ ಸೇರಿ 1,700 ಕಿಲೋ ತೂಗುವ ಕಾರನ್ನು ಅಷ್ಟು ಮೇಲೆ ಎತ್ತಲು ಸುಮಾರು ಎರಡೂವರೆಯಿಂದ ಮೂರು ಯೂನಿಟ್ ಬೇಕು. ಇದು ರಸ್ತೆಯ ಖರ್ಚಿನ ಮೇಲೆ ಹೆಚ್ಚುವರಿ. ಸಪಾಟು ರಸ್ತೆಯಲ್ಲಿ ಇಷ್ಟರಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಬಹುದಿತ್ತು. ಇಳಿಯುವಾಗ ಮೋಟರೇ ಬ್ರೇಕ್ ಹಿಡಿದು ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ, ಪೂರ್ತಿ ಸಿಗುವುದಿಲ್ಲ. ಹಾಗಾಗಿ ಇಳಿಯುವಾಗ ಏಳು ಯೂನಿಟ್ ಸಾಕಾದರೆ, ಹತ್ತುವಾಗ ಹನ್ನೊಂದೂವರೆ ಹೋಗುತ್ತದೆ. ಎರಡೂ ಸೇರಿ ಹದಿನೆಂಟೂವರೆ. ನಿಮ್ಮ ಹಳ್ಳಿಯಿಂದ ಶಿರಸಿಗೆ ಬಂದು ಹೋಗುವುದು, ಕುಮಟಾದಲ್ಲಿ ಸಮುದ್ರಕ್ಕೆ ಅಂತ ಒಂದು ಸುತ್ತು, ಇವನ್ನೂ ಸೇರಿಸಿದರೆ ಇಪ್ಪತ್ತಮೂರು ದಾಟುತ್ತದೆ. 25 ಯೂನಿಟ್ಟಿನ ಕಾರಿನಲ್ಲಿ ಉಳಿಯುವುದು ಏನು? ಘಟ್ಟದ ನಡುವೆ ಶೇಕಡಾವಾರು ಅಂಕಿ ಇಳಿಯುವುದನ್ನೇ ನೋಡುತ್ತಾ ಕೂತಿರಬೇಕು. ಎಸಿ ಆರಿಸು ಅಂತ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ದೊಡ್ಡ ಬ್ಯಾಟರಿ ಆದರೆ ಈ ಮಾತೇ ಬರುವುದಿಲ್ಲ.

ಹುಬ್ಬಳ್ಳಿಯೂ ಅಷ್ಟೇ. ಶಿರಸಿಯಿಂದ ನೂರು ಕಿಲೋಮೀಟರ್ ಚಿಲ್ಲರೆ. ಹೋಗಿ ಬರಲು 200ರ ಮೇಲೆ, ನಿಮ್ಮ ಹಳ್ಳಿ ಸೇರಿಸಿದರೆ 230 ಹತ್ತಿರ. ಚಿಕ್ಕ ಬ್ಯಾಟರಿಗೆ ಇದು ಆಗದ ಮಾತು. ಹುಬ್ಬಳ್ಳಿಯಲ್ಲಿ ಚಾರ್ಜರ್ ಹುಡುಕಬೇಕು. ಅಪ್ಪಯ್ಯನನ್ನು ಆಸ್ಪತ್ರೆಯಲ್ಲಿ ಕೂರಿಸಿ ನೀವು ಚಾರ್ಜರ್ ಮುಂದೆ ಸರದಿ ಕಾಯುವುದು ಬೇಡ ಅಲ್ವಾ? ದೊಡ್ಡದರಲ್ಲೂ ಒಂದರ್ಧ ಗಂಟೆ ಎಲ್ಲಾದರೂ ಹಾಕಿಕೊಳ್ಳುವುದು ಒಳ್ಳೆಯದು, ಆದರೆ ಅದನ್ನು ನಿಮಗೆ ಬೇಕಾದಾಗ ಮಾಡಬಹುದು, ಊಟದ ಹೊತ್ತಿಗೆ.

ಇನ್ನು ಮಳೆಗಾಲ. ದೇವಿಮನೆ ಘಟ್ಟ ಬಂದ್ ಆದರೆ ಕುಮಟಾಕ್ಕೆ ಯಲ್ಲಾಪುರ, ಅರಬೈಲ್, ಅಂಕೋಲಾ ಅಂತ ಸುತ್ತಬೇಕಾಗುತ್ತದೆ. 60 ಇದ್ದದ್ದು 140 ಆಸುಪಾಸು ಆಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು 66ರ ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದು ನಿಮಗೂ ನೆನಪಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆ ಹೊರಟ ದಾರಿಯಲ್ಲೇ ಸಂಜೆ ವಾಪಸ್ ಬರುತ್ತೇವೆ ಅನ್ನುವ ಗ್ಯಾರಂಟಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲ. ಬೆಂಗಳೂರಿನಲ್ಲಿ ಕೂತು ಬರೆಯುವವರು ಚಿಕ್ಕ ಬ್ಯಾಟರಿಯೇ ಜಾಣತನ ಅಂತಾರೆ. ಅವರ ಊರಿಗೆ ಅದು ಸರಿ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಇಳಿಜಾರಿನ ಕರೆಂಟನ್ನು ಹಾಕಲು ಜಾಗ ಇರುವುದಿಲ್ಲ. ಆಗ ಮೋಟರ್ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ನೀವು ಶಿರಸಿ ದಾಟಿ ದೇವಿಮನೆಗೆ ಬರುವಷ್ಟರಲ್ಲಿ ಸ್ವಲ್ಪ ಖಾಲಿಯಾಗಿರುತ್ತದೆ, ತೊಂದರೆ ಇಲ್ಲ. ಘಟ್ಟದ ನೆತ್ತಿಯಲ್ಲೇ ಮನೆ ಇರುವವರು ಮಾತ್ರ ಇಳಿಯುವ ದಿನ ನೂರು ಮಾಡದೆ ತೊಂಬತ್ತಕ್ಕೆ ನಿಲ್ಲಿಸಬೇಕು.

ಬ್ಯಾಟರಿಯ ನಂತರ ಶೋರೂಮಿನವರು ಒತ್ತಿ ಹೇಳುವುದು 7.2 ಕಿಲೋವ್ಯಾಟಿನ ಹೋಮ್ ಚಾರ್ಜರ್. ಪಂಚಿನ ದೊಡ್ಡ ಬ್ಯಾಟರಿ ಬೇಕೆನ್ನುವವರಿಗೆ ಬಿಡುಗಡೆಯ ಹೊತ್ತಿಗೆ ಇದಕ್ಕೆ 50,000 ಜಾಸ್ತಿ ಇತ್ತು. ಮಾಮೂಲಿ 3.3 ಕಿಲೋವ್ಯಾಟ್ ಚಾರ್ಜರ್ ಸುಮಾರು 14 ಆಂಪ್ ಎಳೆಯುತ್ತದೆ. ಗ್ರೈಂಡರ್, ಗೀಸರ್ ಹಾಕುವ 15 ಆಂಪ್ ಸಾಕೆಟ್ ಸಾಕು, ಅದರ ವೈರ್ ಗಟ್ಟಿ ಇದ್ದರೆ. 7.2 ಅಂದರೆ 31 ಆಂಪ್. ಹಳ್ಳಿಯ ಒಂಟಿ ಫೇಸಿನಲ್ಲಿ, ಟ್ರಾನ್ಸ್‌ಫಾರ್ಮರಿನಿಂದ ಅರ್ಧ ಮೈಲಿ ದೂರದ ಮನೆಯಲ್ಲಿ ಅಷ್ಟು ಎಳೆದರೆ ಮನೆಯ ಬಲ್ಬೇ ಮಂಕಾಗುತ್ತದೆ. ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಏರಿಸಬೇಕು, ಮೀಟರಿನಿಂದ ಕಾರಿನವರೆಗೆ ದಪ್ಪ ವೈರ್ ಬೇಕು. ನೀವು ದಿನಕ್ಕೆ ಖರ್ಚು ಮಾಡುವುದು ನಾಲ್ಕೈದು ಯೂನಿಟ್. 3.3 ಚಾರ್ಜರಿನಲ್ಲಿ ಅದು ಒಂದೂವರೆ ಗಂಟೆಯ ಕೆಲಸ. ಪೂರ್ತಿ ಖಾಲಿಯಾಗಿದ್ದರೂ ರಾತ್ರಿಯಿಂದ ಮಧ್ಯಾಹ್ನದೊಳಗೆ ತುಂಬುತ್ತದೆ.

ಇದಕ್ಕೆ ಎದುರು ವಾದ ಒಂದಿದೆ. ಜುಲೈನಲ್ಲಿ ಮರ ಬಿದ್ದು ಲೈನ್ ಹೋಗಿ, ದಿನಕ್ಕೆ ಮೂರು ತಾಸು ಮಾತ್ರ ಕರೆಂಟ್ ಬಂದರೆ ಆ ಮೂರು ತಾಸಿನಲ್ಲಿ ಎರಡು ಪಟ್ಟು ತುಂಬಿಕೊಳ್ಳಬಹುದಲ್ಲ ಅಂತ. ಕಾರವಾರ ಪೇಟೆಯಲ್ಲೋ ಶಿರಸಿ ಪೇಟೆಯಲ್ಲೋ ಮನೆ ಇದ್ದು, ಲೈನ್ ಗಟ್ಟಿ ಇರುವವರಿಗೆ ಈ ಮಾತು ಒಪ್ಪುತ್ತದೆ. ನಿಮ್ಮಲ್ಲಿ ಅಂಥ ದಿನ ವೋಲ್ಟೇಜೇ 180ಕ್ಕೆ ಬಂದಿರುತ್ತದೆ. ಆಗ 7.2ರ ಚಾರ್ಜರ್ ಅಷ್ಟು ಕೊಡುವುದೂ ಇಲ್ಲ. ಬಿಡಿ ಅದನ್ನು.

ಅದರ ಬದಲು ಅರ್ಥಿಂಗ್ ಮಾಡಿಸಿ. ಸುಮ್ನೆ ಹೇಳುತ್ತಿಲ್ಲ. ಕಾರು ಬಂದ ಮೇಲೆ ನನಗೆ ಬರುವ ಫೋನ್‌ಗಳಲ್ಲಿ ಬಹುಪಾಲು ಇದೇ. ಶಿರಸಿ ಹತ್ತಿರದ ಒಂದು ತೋಟದ ಮನೆಯಲ್ಲಿ ಏಪ್ರಿಲ್‌ನಲ್ಲಿ ಹೀಗಾಗಿತ್ತು. ಹೊಸ ಕಾರು ಅಂಗಳದಲ್ಲಿ ನಿಂತಿದೆ, ಚಾರ್ಜರ್ ಚುಚ್ಚಿದರೆ ಕೆಂಪು ದೀಪ. ಕಾರೇ ಕೆಟ್ಟಿದೆ ಅಂತ ಮನೆಯವರ ಗಲಾಟೆ. ಮಲ್ಟಿಮೀಟರ್ ಹಾಕಿ ನೋಡಿದರೆ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 30 ವೋಲ್ಟ್ ತೋರಿಸುತ್ತಿತ್ತು. ಒಂದೆರಡು ವೋಲ್ಟ್ ಇರಬೇಕಾದ ಜಾಗ ಅದು. ಅರ್ಥ್ ಪೈಪ್ ಎಲ್ಲಿದೆ ಅಂದರೆ ಕೊಟ್ಟಿಗೆಯ ಹಿಂದೆ, ಕೆಂಪು ಕಲ್ಲಿನ ಗಟ್ಟಿ ನೆಲದಲ್ಲಿ ಮೂರಡಿ ಹೂತ ಜಿಐ ಪೈಪು. ಮೇಲಿನ ಕ್ಲಾಂಪ್ ತುಕ್ಕು ತಿಂದು ಪುಡಿಯಾಗಿತ್ತು. ಬೇಸಿಗೆಯಲ್ಲಿ ಆ ನೆಲದಲ್ಲಿ ಹನಿ ತೇವ ಇರುವುದಿಲ್ಲ. ಕ್ಲಾಂಪ್ ಉಜ್ಜಿ ಬಿಗಿ ಮಾಡಿ, ನಾಲ್ಕು ಕೊಡ ನೀರು ಸುರಿದೆವು. ಸ್ವಲ್ಪ ಹೊತ್ತಿಗೆ ಚಾರ್ಜರಿನಲ್ಲಿ ಹಸಿರು ಬಂತು. ಅದು ಆ ದಿನದ ಮಟ್ಟಿಗೆ. ಆಮೇಲೆ ಅವರು ಬಾವಿಯ ಹತ್ತಿರ, ತೇವ ನಿಲ್ಲುವ ಜಾಗದಲ್ಲಿ ಆಳವಾದ ಗುಂಡಿ ತೆಗೆಸಿ ಹೊಸ ಅರ್ಥಿಂಗ್ ಮಾಡಿಸಿದರು. ಕೆಂಪು ದೀಪ ಮತ್ತೆ ಬಂದಿಲ್ಲ.

ಇದು ಬರೀ ಚಾರ್ಜ್ ಆಗುವ ಪ್ರಶ್ನೆ ಅಲ್ಲ. ಮಳೆಯಲ್ಲಿ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಕಾರು ಮುಟ್ಟುವವರು ನಾವು. ಒಳ್ಳೆ ಅರ್ಥಿಂಗ್, ಚಾರ್ಜರಿಗೇ ಅಂತ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಮೀಟರ್ ಬೋರ್ಡಿನಿಂದ ನೇರ 4 ಚದರ ಎಂಎಂ ತಾಮ್ರದ ವೈರ್, ಮೇಲೆ ಒಂದು ಶೀಟಿನ ಮಾಡು. ಇಷ್ಟು ಮಾಡಿಸಿ. ಸನ್‌ರೂಫಿನ ಅರ್ಧ ದುಡ್ಡಲ್ಲಿ ಮುಗಿಯುತ್ತದೆ. ತೋಟದ ಪಂಪ್‌ಸೆಟ್ಟಿನ ಲೈನಿನಿಂದ ಎಳೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ನಿಯಮಕ್ಕೂ ವಿರುದ್ಧ, ಪಂಪ್ ಚಾಲೂ ಆದಾಗಲೆಲ್ಲ ವೋಲ್ಟೇಜ್ ಕುಣಿಯುತ್ತದೆ.

ಸರಿ, ಈಗ ಸೌಕರ್ಯದ ಏಣಿ. ಅಲ್ಲಿರುವುದೆಲ್ಲ ವ್ಯರ್ಥ ಅನ್ನುತ್ತಿಲ್ಲ. ಕೆಲವು ವಸ್ತುಗಳು ನಮ್ಮ ಹವೆಗೆ ಬೇಕೇ ಬೇಕು. ವಿಚಿತ್ರ ಅಂದರೆ ಅವುಗಳ ಬಗ್ಗೆ ಶೋರೂಮಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಮೊದಲನೆಯದು ಹಿಂದಿನ ಗಾಜಿನ ವೈಪರ್ ಮತ್ತು ಡಿಫಾಗರ್, ಅಂದರೆ ಗಾಜಿನ ಮಬ್ಬು ಕರಗಿಸುವ ತಂತಿ. ಡಿಕ್ಕಿ ಹೊರಗೆ ಚಾಚದ ಕಾರುಗಳಲ್ಲಿ ಹಿಂದಿನ ಚಕ್ರ ಎರಚಿದ ಕೆಸರು ನೀರು ನೇರ ಹಿಂದಿನ ಗಾಜಿಗೆ ಬಡಿಯುತ್ತದೆ. ನಿಮ್ಮ ಹಳ್ಳಿಯ ಮಣ್ಣಿನ ರಸ್ತೆಯಲ್ಲಿ ಐದು ನಿಮಿಷ ಹೋದರೆ ಹಿಂದೇನೂ ಕಾಣುವುದಿಲ್ಲ. ಒಳಗೆ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕೂತರೆ ಗಾಜು ಮಬ್ಬಾಗುತ್ತದೆ. ಕಮ್ಮಿ ವೇರಿಯಂಟುಗಳಲ್ಲಿ ಕಂಪನಿಗಳು ಮೊದಲು ತೆಗೆಯುವ ವಸ್ತುಗಳಲ್ಲಿ ಇವೆರಡೂ ಸೇರಿವೆ. ಆಮೇಲೆ ಹೊರಗೆ ಹಾಕಿಸುವುದು ಸುಲಭವಲ್ಲ. ನೀವು ಆರಿಸಿದ ವೇರಿಯಂಟಿನಲ್ಲಿ ಇವಿಲ್ಲದೆ ಅದರ ಮೇಲಿನದರಲ್ಲಿ ಇದ್ದರೆ, ಒಂದು ಮೆಟ್ಟಿಲು ಹತ್ತಿ. ನಾನು ಮೇಲಕ್ಕೆ ಹೋಗಿ ಅನ್ನುವುದು ಇದೊಂದಕ್ಕೆ.

ಹೆಡ್‌ಲೈಟ್ ಕತ್ತಲಾದ ಮೇಲೆ ನೋಡಿ. ಶೋರೂಮಿನ ದೀಪದ ಕೆಳಗೆ ಎಲ್ಲ ಲೈಟೂ ಚೆಂದ. ಆಗಸ್ಟಿನ ಮಂಜಿನಲ್ಲಿ ಘಟ್ಟದ ತಿರುವು ಕಾಣುತ್ತದಾ ಅನ್ನುವುದು ಬೇರೆ ಮಾತು. ಇಎಸ್‌ಪಿ (ತಿರುವಿನಲ್ಲಿ ಕಾರು ಜಾರದಂತೆ ಹಿಡಿಯುವ ವ್ಯವಸ್ಥೆ) ಮತ್ತು ಏರ್‌ಬ್ಯಾಗ್ ಎಲ್ಲ ವೇರಿಯಂಟಿನಲ್ಲೂ ಇದೆಯಾ ಅಂತ ಬರೆದು ಕೇಳಿ. ಪಂಚ್ ಇವಿಯಲ್ಲಿ ಆರು ಏರ್‌ಬ್ಯಾಗ್ ಮತ್ತು ಇಎಸ್‌ಪಿ ಕೆಳಗಿನ ವೇರಿಯಂಟಿನಿಂದಲೇ ಕೊಟ್ಟಿದ್ದರು. 2024ರಲ್ಲಿ ಕಾರನ್ನು ಗುದ್ದಿಸಿ ನೋಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ಐದು ಸ್ಟಾರ್ ಬಂತು. ಇಂಥ ಕಾರುಗಳಲ್ಲಿ ಸುರಕ್ಷತೆಗೆ ಅಂತ ಟಾಪ್ ಎಂಡಿಗೆ ಹೋಗಬೇಕಾಗಿಲ್ಲ.

ಸ್ಟೆಪ್ನಿ ಇದೆಯಾ ಅಂತಲೂ ಡಿಕ್ಕಿ ತೆಗೆಸಿ ನೋಡಿ. ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಕೊಡುತ್ತಾರೆ. ಹೆದ್ದಾರಿಯಲ್ಲಿ ಅದು ನಡೆಯುತ್ತದೆ. ಕಲ್ಲಿಗೆ ಹೊಡೆದು ಟೈರಿನ ಪಕ್ಕ ಸೀಳಿದರೆ ಆ ಕಿಟ್ ಏನೂ ಮಾಡಲಾರದು, ಮೊಬೈಲಿಗೆ ಸಿಗ್ನಲ್ ಇಲ್ಲದ ಕಡೆ ಅಂತೂ ಕೇಳಲೇಬೇಡಿ.

ಅಲಾಯ್ ವೀಲ್ ಬಗ್ಗೆ ನನ್ನ ಅಭಿಪ್ರಾಯ ನೇರ. ಬೇಡ. ಮೇಲಿನ ವೇರಿಯಂಟಿನಲ್ಲಿ ಚಕ್ರ ದೊಡ್ಡದಾಗುತ್ತದೆ, ಟೈರಿನ ಪಕ್ಕದ ಎತ್ತರ ಕಮ್ಮಿಯಾಗುತ್ತದೆ, ರೇಂಜೂ ಸ್ವಲ್ಪ ಇಳಿಯುತ್ತದೆ. ಮಳೆ ನಿಂತ ಮೇಲಿನ ನಮ್ಮ ಗುಂಡಿಗಳಿಗೆ ಸ್ಟೀಲ್ ರಿಮ್ ಬಾಗಿದರೆ ಪಂಕ್ಚರ್ ಅಂಗಡಿಯವನು ಬಡಿದು ಸರಿ ಮಾಡುತ್ತಾನೆ. ಅಲಾಯ್ ಸೀಳಿದರೆ ಹೊಸದೇ ತರಬೇಕು. ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಉಪ್ಪು ಗಾಳಿ ಬೇರೆ. ಡೈಮಂಡ್ ಕಟ್ ಅಲಾಯಿನ ಹೊಳಪು ಮೊದಲ ಗೀರಿನಿಂದಲೇ ಮಸುಕಾಗುತ್ತಾ ಹೋಗುತ್ತದೆ.

ಲೆದರೆಟ್ ಸೀಟು ಅಂತೂ ಘಟ್ಟದ ಮೇಲಿನವರಿಗೆ ಮಳೆಗಾಲದ ಕೂಲಿ ಕೆಲಸ. ಎರಡು ವಾರ ಕಾರು ತೆಗೆಯದಿದ್ದರೆ ಬೂಷ್ಟು ಹಿಡಿಯುತ್ತದೆ. ಬಟ್ಟೆಯ ಸೀಟಿಗೂ ಹಿಡಿಯುತ್ತದೆ, ಆದರೆ ಅಷ್ಟು ಎದ್ದು ಕಾಣುವುದಿಲ್ಲ, ಬೇಕಾದರೆ ಕವರ್ ತೆಗೆದು ಒಗೆಯಬಹುದು. ಗಾಳಿ ಬರುವ ವೆಂಟಿಲೇಟೆಡ್ ಸೀಟು ಮಾತ್ರ ಕರಾವಳಿಯವರಿಗೆ ಮೇ ತಿಂಗಳಲ್ಲಿ ನಿಜವಾದ ಸುಖ. ಕಾರವಾರದವರು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಸನ್‌ರೂಫ್ ಬಿಟ್ಟು ಇದಕ್ಕೆ ಕೊಡಿ ಅನ್ನುತ್ತಿದ್ದೆ. ಶಿರಸಿಗೆ ಅದರ ಅಗತ್ಯ ಇಲ್ಲ.

ಎಡಾಸ್ ಅಂತ ಒಂದನ್ನು ಈಗ ಎಲ್ಲರೂ ಹೊಗಳುತ್ತಾರೆ. ಕ್ಯಾಮೆರಾ, ರೇಡಾರ್ ನೋಡಿಕೊಂಡು ಕಾರೇ ಬ್ರೇಕ್ ಹಾಕುತ್ತದೆ, ಬಿಳಿ ಗೆರೆಯೊಳಗೆ ಇರಿಸುತ್ತದೆ. ಭಟ್ಕಳದಿಂದ ಕಾರವಾರದವರೆಗೆ ಚತುಷ್ಪಥದಲ್ಲಿ ರಾತ್ರಿ ಓಡಿಸುವವರಿಗೆ ಉಪಯೋಗ ಇದೆ. ಬಿಳಿ ಗೆರೆಯೇ ಇಲ್ಲದ, ತಿರುವಿನಲ್ಲಿ ದನ ಮಲಗಿರುವ, ಬಸ್ಸು ಕನ್ನಡಿಗೆ ತಾಗುವಂತೆ ಬರುವ ರಸ್ತೆಯಲ್ಲಿ ಅದು ಸುಮ್ಮನೆ ಕೂಗಿಕೊಳ್ಳುತ್ತದೆ. ಎರಡನೇ ವಾರದಲ್ಲಿ ನೀವೇ ಆಫ್ ಮಾಡುತ್ತೀರಿ. ಮೊಬೈಲಿನಿಂದ ಕಾರು ನೋಡುವ ಆ್ಯಪ್ ಇದ್ದರೆ ಒಳ್ಳೆಯದೇ, ನೆಟ್‌ವರ್ಕ್ ಇರುವ ಊರಿನಲ್ಲಿ. ಕೆಲವು ವರ್ಷದ ನಂತರ ಅದಕ್ಕೆ ಚಂದಾ ಕಟ್ಟಬೇಕಾಗುತ್ತದೆ ಅನ್ನುವುದನ್ನು ಮರೆಯಬೇಡಿ.

ಇಷ್ಟರ ನಡುವೆ ನನಗೆ ಆಸೆ ಹುಟ್ಟಿಸುವ ಒಂದು ಸೌಕರ್ಯ ಇದೆ. ಕಾರಿನ ಬ್ಯಾಟರಿಯಿಂದ ಮನೆಯ ವಸ್ತುಗಳಿಗೆ ಕರೆಂಟ್ ಕೊಡುವುದು. ವೆಹಿಕಲ್ ಟು ಲೋಡ್ ಅನ್ನುತ್ತಾರೆ. ನೆಕ್ಸಾನ್ ಇವಿ, ಕ್ರೆಟಾ ಎಲೆಕ್ಟ್ರಿಕ್‌ನಂಥ ಕಾರುಗಳಲ್ಲಿ ಇದು ಬಂದಿದೆ, ಆದರೆ ಎಲ್ಲ ವೇರಿಯಂಟಿನಲ್ಲೂ ಇರುತ್ತದೆ ಅಂತ ಹೇಳಲಾಗದು. ಮೂರು ದಿನ ಕರೆಂಟಿಲ್ಲದ ಜುಲೈನಲ್ಲಿ ಫ್ರಿಜ್, ನಾಲ್ಕು ದೀಪ, ಮೊಬೈಲ್, ಒಂದಿಷ್ಟು ಮಿಕ್ಸಿ ಇದರಲ್ಲೇ ನಡೆಯುತ್ತದೆ. ದಿನಕ್ಕೆ ಎರಡು ಮೂರು ಯೂನಿಟ್ ಹೋಗಬಹುದು. ಇನ್ವರ್ಟರ್ ಬ್ಯಾಟರಿ ಹಳತಾಗಿ ಹೊಸದು ಹಾಕುವ ಯೋಚನೆ ನಿಮಗಿದ್ದರೆ, ಆ ಖರ್ಚನ್ನು ಇದಕ್ಕೆ ಹೊಂದಿಸಿ ನೋಡಬಹುದು. ಆದರೆ ಈ ಉಪಯೋಗಕ್ಕೂ ದೊಡ್ಡ ಬ್ಯಾಟರಿಯೇ ಬೇಕು. ಮನೆಗೆ ಕೊಟ್ಟು ಕಾರು ಶಿರಸಿಗೂ ಹೋಗದಂತಾದರೆ ಏನು ಬಂತು?

ಮಗಳ ಸನ್‌ರೂಫ್. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾಳೆ, ಗೊತ್ತು. ಪಂಚಿನಲ್ಲಿ ಅದಕ್ಕೇ ಅಂತ 50,000 ಜಾಸ್ತಿ ಇತ್ತು. ನಿಮ್ಮ ಕಾರು ನಿಲ್ಲುವುದು ಹಲಸಿನ ಮರದ ಕೆಳಗೋ ತೋಟದ ಅಂಚಿನಲ್ಲೋ ಅಂತ ಊಹಿಸುತ್ತೇನೆ. ಸನ್‌ರೂಫಿನ ಅಂಚಿಗೆ ಬಿದ್ದ ನೀರು ಹರಿದುಹೋಗಲು ನಾಲ್ಕು ಮೂಲೆಯಲ್ಲಿ ಸಣ್ಣ ಪೈಪುಗಳಿವೆ. ಎಲೆ, ಹೂವು, ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗಿನ ಚಾವಣಿಯ ಬಟ್ಟೆಗೆ ಇಳಿಯುತ್ತದೆ. ಪ್ರತಿ ಮೇ ತಿಂಗಳಲ್ಲಿ ಸ್ವಚ್ಛ ಮಾಡುತ್ತೇನೆ ಅಂತ ಅವಳು ಒಪ್ಪಿಕೊಂಡರೆ ಕೊಡಿಸಿ. ತಮಾಷೆಯಲ್ಲ, ಮನೆಯವರಿಗೆ ಖುಷಿಯಾದರೆ ಅದೂ ಒಂದು ಲೆಕ್ಕವೇ. ಆದರೆ ಸನ್‌ರೂಫಿಗಾಗಿ ಚಿಕ್ಕ ಬ್ಯಾಟರಿಗೆ ಇಳಿಯುವ ಹಾಗಿಲ್ಲ.

ಸ್ಟೀರಿಯೋ, ರಿವರ್ಸ್ ಕ್ಯಾಮೆರಾ ಕೆಳಗಿನ ವೇರಿಯಂಟಿನಲ್ಲಿ ಇಲ್ಲದಿದ್ದರೆ ಹೊರಗೆ ಹಾಕಿಸಬಹುದು ಅಂತ ತಮ್ಮ ಹೇಳಿರುತ್ತಾನೆ. ಹಾಕಿಸಬಹುದು. ಎಲೆಕ್ಟ್ರಿಕ್ ಕಾರಿನಲ್ಲಿ ಮಾತ್ರ ವೈರ್ ಕತ್ತರಿಸಿ ಜೋಡಿಸಲು ಯಾರಿಗೂ ಬಿಡಬೇಡಿ. ವಾರಂಟಿಗೆ ಕುತ್ತು ಬರುತ್ತದೆ. ಕಂಪನಿಯ ಆಕ್ಸೆಸರಿ, ಕಂಪನಿಯ ಕಪ್ಲರ್ (ವೈರ್ ಕತ್ತರಿಸದೆ ಜೋಡಿಸುವ ಪ್ಲಗ್), ಬಿಲ್ ಸಮೇತ.

ಇನ್ನು ಮೂರು ಲಕ್ಷದ ಮಾತು. ಸಾಲ ತೆಗೆದರೆ ಐದು ವರ್ಷಕ್ಕೆ ಶೇಕಡಾ 9ರ ಬಡ್ಡಿಯಲ್ಲಿ ಮೂರು ಲಕ್ಷಕ್ಕೆ ತಿಂಗಳಿಗೆ 6,200ರ ಮೇಲೆ ಕಂತು. ಒಟ್ಟು ಕಟ್ಟುವುದು 3.74 ಲಕ್ಷ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಕಾರು ಲೀಟರಿಗೆ 15 ಕಿಲೋಮೀಟರ್ ಅಂತ ಹಿಡಿದರೆ ಕಿಲೋಮೀಟರಿಗೆ ಏಳು ರೂಪಾಯಿ ಹತ್ತಿರ. ಮನೆಯ ಕರೆಂಟಿನಲ್ಲಿ ಎಲೆಕ್ಟ್ರಿಕ್ ಕಾರಿಗೆ ಒಂದು ರೂಪಾಯಿ. ಉಳಿತಾಯ ಕಿಲೋಮೀಟರಿಗೆ ಆರು ರೂಪಾಯಿ. ಮೂರು ಲಕ್ಷ ಅಂದರೆ 50,000 ಕಿಲೋಮೀಟರಿನ ಉಳಿತಾಯ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ನಾಲ್ಕು ವರ್ಷ ದಾಟಬೇಕು ಅದು ಕೈಗೆ ಬರಲು. ಬ್ಯಾಟರಿಗೆ ಕೊಟ್ಟರೆ ನಡೆಯುತ್ತದೆ, ಯಾಕೆಂದರೆ ಅದರಿಂದಲೇ ಕುಮಟಾ, ಹುಬ್ಬಳ್ಳಿಗೂ ಇದೇ ಕಾರಿನಲ್ಲಿ ಹೋಗುತ್ತೀರಿ, ಉಳಿತಾಯದ ಕಿಲೋಮೀಟರೂ ಹೆಚ್ಚುತ್ತದೆ. ಸ್ಕ್ರೀನಿಗೆ ಕೊಟ್ಟರೆ?

ಮಾರುವಾಗ ರೇಟ್ ಬರುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಹಳೆ ಎಲೆಕ್ಟ್ರಿಕ್ ಕಾರು ಕೊಳ್ಳುವವರು ಮೊದಲು ಕೇಳುವುದು ಬ್ಯಾಟರಿ ಎಷ್ಟು ದೊಡ್ಡದು, ಎಷ್ಟು ಆರೋಗ್ಯ ಉಳಿದಿದೆ, ವಾರಂಟಿ ಎಷ್ಟು ವರ್ಷ ಬಾಕಿ ಅಂತ. ಎಂಟು ವರ್ಷದ ಬ್ಯಾಟರಿ ವಾರಂಟಿ ಈಗ ಮಾಮೂಲು. ಕೆಲವು ಕಂಪನಿಗಳು ದೊಡ್ಡ ಬ್ಯಾಟರಿಗೆ ಮಾತ್ರ ಅದಕ್ಕಿಂತ ಉದ್ದದ ವಾರಂಟಿ ಕೊಡುತ್ತವೆ, ಅದೂ ಮೊದಲ ಮಾಲೀಕರಿಗೆ ಮಾತ್ರ. ಎರಡನೇ ಮಾಲೀಕರಿಗೆ ಏನು ಉಳಿಯುತ್ತದೆ ಅಂತ ಕೇಳಿ ಬರೆಸಿಕೊಳ್ಳಿ. ಬ್ಯಾಟರಿಗೆ ಬಾಡಿಗೆ ಕಟ್ಟುವ ಸ್ಕೀಮನ್ನೂ ತೋರಿಸಬಹುದು. ವಿಂಡ್ಸರ್ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿ ಅಂತ ಇತ್ತು. ಕೈಯಲ್ಲಿ ದುಡ್ಡು ಕಮ್ಮಿ ಇದ್ದವರಿಗೆ ಸರಿ. ನಿಮ್ಮಷ್ಟು ಓಡಿಸುವವರಿಗೆ ಉಳಿತಾಯದ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಗುತ್ತದೆ.

ಬುಕ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಟೆಸ್ಟ್ ಡ್ರೈವ್ ಪೇಟೆಯೊಳಗೆ ಬೇಡ. ಅಪ್ಪಯ್ಯನನ್ನೂ ಕೂರಿಸಿಕೊಂಡು ದೇವಿಮನೆಗೆ ಹೋಗಿ, ಘಟ್ಟ ಇಳಿದು ಹತ್ತಿ. ಕೆಳಗೆ ಎಷ್ಟು ಶೇಕಡಾ ಇತ್ತು, ಮೇಲೆ ಎಷ್ಟಾಯಿತು ಬರೆದುಕೊಳ್ಳಿ. ಡೆಮೊ ಕಾರು ಸಾಮಾನ್ಯವಾಗಿ ಟಾಪ್ ಎಂಡೇ ಇರುತ್ತದೆ, ಹಾಗಾಗಿ ನೀವು ಕೊಳ್ಳುವ ವೇರಿಯಂಟಿನ ಸೀಟು ಮೇಲೆ ಕೆಳಗೆ ಮಾಡಲು ಬರುತ್ತದಾ ಅಂತ ಬೇರೆಯೇ ಕೇಳಿ. ಬ್ಯಾಟರಿ ಕೆಳಗಿರುವುದರಿಂದ ಕೆಲವು ಕಾರುಗಳಲ್ಲಿ ನೆಲ ಎತ್ತರ, ಹಿಂದಿನ ಸೀಟಿನಲ್ಲಿ ಮೊಣಕಾಲು ಮೇಲಕ್ಕೆ ಬರುತ್ತದೆ. ವಯಸ್ಸಾದವರಿಗೆ ಹುಬ್ಬಳ್ಳಿ ತಲುಪುವಷ್ಟರಲ್ಲಿ ಸಾಕಾಗುತ್ತದೆ. ಅವರೇ ಕೂತು ಹೇಳಲಿ.

ಗೃಹಜ್ಯೋತಿ ಪ್ರಶ್ನೆಗೆ ಉತ್ತರ: ಹೌದು, ತಪ್ಪಿಹೋಗುವ ಸಾಧ್ಯತೆ ಜಾಸ್ತಿ. 2023ರಲ್ಲಿ ಬಂದ ಯೋಜನೆಯ ನಿಯಮದಂತೆ ಹಿಂದಿನ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ನಿಮ್ಮ ಮಿತಿ ಹಾಕಿರುತ್ತಾರೆ. ಅದನ್ನು ದಾಟಿದರೆ ದಾಟಿದ್ದಕ್ಕೆ ಮಾತ್ರ ಬಿಲ್. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಸಾವಿರ ಕಿಲೋಮೀಟರಿಗೆ, ಚಾರ್ಜ್ ಮಾಡುವಾಗಿನ ನಷ್ಟ ಸೇರಿ, 160 ಯೂನಿಟ್ ಹಿಡಿಯಿರಿ. ಮನೆಗೆ 90 ಅಂದರೆ 250. ಯೂನಿಟಿಗೆ ಆರು ರೂಪಾಯಿ ಲೆಕ್ಕದಲ್ಲಿ 1,500, ಮೇಲೆ ನಿಗದಿತ ಶುಲ್ಕ. ಅದೇ ಸಾವಿರ ಕಿಲೋಮೀಟರಿಗೆ ಪೆಟ್ರೋಲ್ 6,900 ಆಗುತ್ತಿತ್ತು, ಹಾಗಾಗಿ ಚಿಂತೆ ಬೇಡ. ಎಲೆಕ್ಟ್ರಿಕ್ ವಾಹನ ಚಾರ್ಜಿಂಗಿಗೆ ಅಂತ ವಿದ್ಯುತ್ ದರದಲ್ಲಿ ಬೇರೆ ವರ್ಗ ಇದೆ. ಅದರಡಿ ನಿಮ್ಮ ಮನೆಗೆ ಇನ್ನೊಂದು ಮೀಟರ್ ಕೊಡುತ್ತಾರಾ, ಠೇವಣಿ ಎಷ್ಟು ಅಂತ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ. ಸಿಕ್ಕಿದರೆ ಮನೆಯ ಮೀಟರ್ 90ರಲ್ಲೇ ಉಳಿಯುತ್ತದೆ. ಅರ್ಜಿ ಹಾಕುವುದಾದರೆ ಕಾರು ಬರುವ ಮೊದಲೇ ಹಾಕಿ, ಮಳೆ ಶುರುವಾದ ಮೇಲೆ ಲೈನ್‌ಮ್ಯಾನ್ ಕೈಗೆ ಸಿಗುವುದಿಲ್ಲ.